ಓಣಿಯ ಮರಗಳಿಗೂ ಒಂದು ಲೆಕ್ಕದ ವಹಿ ಇಡಿ

ಕಲಬುರಗಿಯಲ್ಲಿ ಮಳೆಗಾಲ ಬಂದರೆ ಎಷ್ಟು ಸಸಿ ನೆಟ್ಟರು ಅನ್ನುವ ಲೆಕ್ಕ ಸಿಗುತ್ತದೆ. ಅದರಲ್ಲಿ ಬೇಸಿಗೆ ದಾಟಿದ್ದು ಎಷ್ಟು? ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ಆ ಲೆಕ್ಕ ಇಡಲು ಒಂದು ವಹಿ, ಟೇಲರ್ ಟೇಪು, ಫೋನು ಇದ್ದರೆ ಸಾಕು.

ಇಡೀ ಊರು ಹಿಡಿಯಬೇಡಿ, ನಿಮ್ಮ ಓಣಿಯಿಂದ ಶುರು ಮಾಡಿ. ಪ್ರತಿ ಮರಕ್ಕೂ ನಂಬರ್ ಕೊಡಿ, ಆದರೆ ವಹಿಯಲ್ಲಿ ಮಾತ್ರ. ಕಾಂಡಕ್ಕೆ ತಗಡು ಬೇಡ, ಬೋರ್ಡು ಹಚ್ಚುವವರು ಹೊಡೆದ ಮೊಳೆಗಳೇ ಜಾಸ್ತಿ ಆಗಿವೆ. ಬೇವೋ ಹೊಂಗೆಯೋ ಗುಲ್‌ಮೊಹರೋ ಬರೆಯಿರಿ. ಆಮೇಲೆ ನೆಲದಿಂದ 137 ಸೆಂ.ಮೀ. ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ. ಟೇಪು ಸಾಲದಿದ್ದರೆ ಹಗ್ಗ ಸುತ್ತಿ ಅಳೆಯಿರಿ. ಅಲ್ಲೇ ಗಂಟು ಇದ್ದರೆ ಸ್ವಲ್ಪ ಮೇಲೆ ಅಳೆದು, ಎಷ್ಟು ಮೇಲೆ ಅಂತಲೂ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬರು ಅಳೆದಾಗ ಮರ ಸಣ್ಣದಾಗಿರುತ್ತದೆ!

ನಮ್ಮ ಕಡೆ ಜಾಸ್ತಿ ಗೊಂದಲ ಬೇವಿನದು. ಶಿವರಾತ್ರಿ ಹೊತ್ತಿಗೆ ಎಲೆ ಉದುರಿ ಬೋಳಾದರೆ ಅದು ರೋಗವಲ್ಲ, ಯುಗಾದಿಗೆ ಚಿಗುರುತ್ತದೆ. ಆದರೆ ಮಳೆಗಾಲ ಮುಗಿಯುವಾಗ, ದಸರಾ ದೀಪಾವಳಿ ಆಸುಪಾಸು, ರೆಂಬೆಗಳ ತುದಿ ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿದರೆ ಅದು ತುದಿ ಒಣಗುವ ರೋಗ. ಫೋಮಾಪ್ಸಿಸ್ ಅನ್ನುವ ಶಿಲೀಂಧ್ರದಿಂದ ಬರುತ್ತದೆ, ಟೀ ಸೊಳ್ಳೆ ಅಂತ ಕರೆಯುವ ತಿಗಣೆ ಎಳೆ ಚಿಗುರಿನ ರಸ ಹೀರಿದರೂ ಹೀಗೇ ಕಾಣುತ್ತದೆ. ಸತ್ತೇ ಹೋಯಿತು ಅಂತ ಸುಮ್ನೆ ಕೊಡಲಿ ತರಬೇಡಿ. ಕಾಲು ಭಾಗ ಒಣಗಿದೆಯೋ ಅರ್ಧವೋ ಬರೆದು, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದು, ಯುಗಾದಿವರೆಗೆ ಕಾಯಿರಿ. ಎಷ್ಟೋ ಮರಗಳು ಮತ್ತೆ ಹಸಿರಾಗುತ್ತವೆ.

ಬುಡಕ್ಕೆ ಕೂತು ನೋಡಿ. ಗಟ್ಟಿ ಅಣಬೆ ಅಂಟಿಕೊಂಡಿದ್ದರೆ ಒಳಗೆ ಕೊಳೆತಿರಬಹುದು. ಎರೆ ಮಣ್ಣು ಬೇಸಿಗೆಯಲ್ಲಿ ಹೇಗೂ ಬಿರಿಯುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಮಳೆಯಲ್ಲಿ ನೆಲ ಹಸಿ ಇರುವಾಗ ಮರ ಹೊಸದಾಗಿ ವಾಲಿ, ವಾಲಿದ ಕಡೆಯ ಎದುರು ಬದಿಗೆ ಮಣ್ಣು ಎದ್ದು ಬಿರಿದಿದ್ದರೆ ಬೇರು ಏಳುತ್ತಿದೆ ಅಂತಲೇ ಅರ್ಥ. ಅದರ ಕೆಳಗೆ ಗಾಡಿ ನಿಲ್ಲಿಸಲು ಬಿಡಬೇಡಿ, ಅವತ್ತೇ ಪಾಲಿಕೆಗೆ ಫೋಟೋ ಸಮೇತ ಬರೆದುಕೊಡಿ. ನೀವೇ ಕಡಿಯುವ ಹಾಗಿಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಾಂಡದವರೆಗೂ ಸಿಮೆಂಟ್ ಮೆತ್ತಿದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.

ಸಸಿಗಳನ್ನು ಮೇ ಕೊನೆಗೆ ಎಣಿಸಿ. ಯಾವ ಜಾತಿ ಉಳಿಯಿತು, ಯಾವುದಕ್ಕೆ ಯಾರು ನೀರು ಹಾಕಿದರು ಬರೆಯಿರಿ. ಜೂನ್‌ನಲ್ಲಿ ಸಸಿ ಹಂಚುವಾಗ ಆ ಪಟ್ಟಿ ಹಿಡಿದುಕೊಂಡು ಹೋಗಿ, ಉಳಿದ ಜಾತಿಯನ್ನೇ ಕೇಳಿ.