ಸಂಜೆ ಹೊತ್ತು ಮಕ್ಕಳನ್ನು ಆಟಕ್ಕೆ ಬಿಡೋಣ

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಕ್ಕಳು ಕೂಲರ್ ಮುಂದೆ ಮೊಬೈಲ್ ಹಿಡಿದು ಕೂರುತ್ತಾರೆ. ಆದರೆ ಬಿಸಿಲಿನ ನೆಪ ಮಧ್ಯಾಹ್ನಕ್ಕೆ ಮಾತ್ರ ಸರಿ. ಬೆಳಿಗ್ಗೆ ಎಂಟರೊಳಗೆ, ಸಂಜೆ ಹೊತ್ತು ಇಳಿದ ಮೇಲೆ ಆಡಬಹುದಲ್ವಾ?

ಸುಮ್ನೆ "ಹೊರಗೆ ಹೋಗಿ ಆಡು" ಅಂದರೆ ಯಾವ ಮಗುವೂ ಏಳುವುದಿಲ್ಲ. ಜೊತೆಗಾರರು ಬೇಕು. ಓಣಿಯ ಮೂರ್ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ಹೊತ್ತಿಗೆ ಮಕ್ಕಳನ್ನು ಬಿಡಿ. ದಿನಕ್ಕೊಬ್ಬರು ದೊಡ್ಡವರು ಕಟ್ಟೆ ಮೇಲೆ ಕೂತು ಗಾಡಿ ಬರುವುದನ್ನು ನೋಡಿಕೊಳ್ಳಲಿ. ಲಗೋರಿಗೆ ಖರ್ಚೇ ಇಲ್ಲ. ಒಡೆದ ಶಹಾಬಾದ್ ಕಲ್ಲಿನ ಏಳು ಚೂರು, ಒಂದು ರಬ್ಬರ್ ಚೆಂಡು ಸಾಕು. ಚೂಪಾದ ಅಂಚನ್ನು ಮೊದಲು ನೆಲಕ್ಕೆ ಉಜ್ಜಿ ಮೊಂಡು ಮಾಡಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊರಗಿನ ಬೆಳಕಲ್ಲಿ ಜಾಸ್ತಿ ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ಕಣ್ಣಿನ ತೊಂದರೆ ಶುರುವಾಗುವುದೂ ಕಡಿಮೆ. ನನಗಂತೂ ಇದೇ ದೊಡ್ಡ ಕಾರಣ.

ಭಾನುವಾರ ಬೆಳಿಗ್ಗೆ ಪಬ್ಲಿಕ್ ಗಾರ್ಡನ್‌ಗೆ ಕರೆದುಕೊಂಡು ಹೋಗಿ, ನೀರಿನ ಬಾಟಲಿ ಮರೆಯಬೇಡಿ. ಆಡಿ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಬಟ್ಟೆ ಮಣ್ಣಾಯಿತು ಅಂತ ಮಾತ್ರ ಬೈಯಬೇಡಿ, ಬೈದರೆ ಮರುದಿನ ಹೊರಗೆ ಕಾಲಿಡುವುದಿಲ್ಲ.