ಬಕ್ಷೀಸ ಯಾವುದಕ್ಕೆ, ಮೃತ್ಯುಪತ್ರ ಯಾವುದಕ್ಕೆ: ನಾನು ಆಸ್ತಿ ಹಂಚಿದ ಬಗೆ

"ಎಲ್ಲಾನೂ ಮಗನ ಹೆಸರಿಗೆ ಮಾಡಿ ಆರಾಮ ಇರ್ರಿ" ಅಂತ ನಮ್ಮ ವಿಜಯಪುರದಲ್ಲಿ ಅರವತ್ತು ದಾಟಿದವರಿಗೆಲ್ಲ ಹೇಳುವವರಿದ್ದಾರೆ. ನನಗೂ ಹೇಳಿದರು. ಗಾಂಧಿ ಚೌಕದ ಹತ್ತಿರ ಎರಡು ಮಳಿಗೆ, ಸೋಲಾಪುರ ರಸ್ತೆ ಕಡೆ 1994ರಲ್ಲಿ ಹಿಡಿದ ಪ್ಲಾಟು, 2016-17ರಲ್ಲಿ ತಗೊಂಡ ಇನ್ನೊಂದು, ನಾವಿರುವ ಮನೆ, ಹಿರಿಯರ ಹೊಲ. ನನ್ನ ಲೆಕ್ಕ ಇಷ್ಟು. ತೆರಿಗೆಗೆ ಹೆದರಿ ಅವಸರದಲ್ಲಿ ಬರೆದುಕೊಡುವ ಕಾರಣವೇ ಇಲ್ಲ. ನಮ್ಮ ದೇಶದಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ತೀರಿಕೊಂಡವರ ಆಸ್ತಿ ಮೇಲಿನ ತೆರಿಗೆ, 1985ರಲ್ಲೇ ರದ್ದಾಯಿತು. ವಾರಸಾದಿಂದ ಬಂದ ಆಸ್ತಿಗೆ ಕೈಸೇರುವಾಗ ತೆರಿಗೆ ಇಲ್ಲ, ಮಾರುವಾಗ ಇದೆ. ಆದ್ದರಿಂದ ಯಾವುದನ್ನು ಯಾರು ಮಾರುತ್ತಾರೆ ಅನ್ನುವುದನ್ನೇ ಮೊದಲು ಹಿಡಿದು ಕೂತೆ.

2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ, ಅಂದರೆ ಬಹಳ ದಿನ ಇಟ್ಟುಕೊಂಡ ಆಸ್ತಿ ಮಾರಿ ಬಂದ ಲಾಭಕ್ಕೆ, ಶೇ. 12.5 ತೆರಿಗೆ. ಬೆಲೆ ಏರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಹಿಡಿಯುವ ಹಣದುಬ್ಬರದ ಸೂಚ್ಯಂಕ ಇಲ್ಲ. ಅದಕ್ಕೂ ಮೊದಲೇ ಕೊಂಡ ಜಾಗವಾದರೆ, ಸೂಚ್ಯಂಕ ಹಚ್ಚಿ ಶೇ. 20ರ ಹಳೇ ಲೆಕ್ಕದಲ್ಲಿ ತೆರಿಗೆ ಕಡಿಮೆ ಬಂದರೆ ಅಷ್ಟೇ ಕಟ್ಟಬಹುದು. ನಾನು ಎರಡೂ ಪ್ಲಾಟಿಗೆ ಎರಡೂ ಲೆಕ್ಕ ಹಾಕಿದೆ. 2016-17ರದ್ದು 11 ಲಕ್ಷಕ್ಕೆ ತಗೊಂಡಿದ್ದು, 2025ರ ಜನವರಿಯಲ್ಲಿ 16 ಲಕ್ಷಕ್ಕೆ ಹೋಯಿತು. ಹೊಸ ಲೆಕ್ಕದಲ್ಲಿ ತೆರಿಗೆ 62,500. ಹಳೇ ಲೆಕ್ಕದಲ್ಲಿ ಸೂಚ್ಯಂಕ 264ರಿಂದ 363ಕ್ಕೆ ಏರಿದ್ದರಿಂದ ಕೊಂಡ ಬೆಲೆ 15,12,500 ಆಗುತ್ತದೆ, ಲಾಭ 87,500, ತೆರಿಗೆ ಬರೀ 17,500. ಸೆಸ್ ಬೇರೆ. ಆ ರೊಕ್ಕ ಮಗನ ಔಷಧ ಅಂಗಡಿಗೆ ಹೋಯಿತು.

1994ರದ್ದು ಪೂರ್ತಿ ಉಲ್ಟಾ. ಅಷ್ಟು ಹಳೆಯದಕ್ಕೆ 2001ರ ಏಪ್ರಿಲ್ 1ರ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು, ಆದರೆ ಅಂದಿನ ಸರ್ಕಾರಿ ದರ ಮೀರುವ ಹಾಗಿಲ್ಲ. ವ್ಯಾಲ್ಯುಯರ್ 60,000 ಅಂತ ಬರೆದುಕೊಟ್ಟರು. 24 ಲಕ್ಷಕ್ಕೆ ಮಾರಿದರೆ ಹೊಸ ಲೆಕ್ಕದಲ್ಲಿ 2,92,500, ಹಳೆಯದರಲ್ಲಿ 4,36,440. ಬೆಲೆ ನಿಧಾನಕ್ಕೆ ಏರಿದ ಜಾಗಕ್ಕೆ ಸೂಚ್ಯಂಕ ಲಾಭ, ಹತ್ತಾರು ಪಟ್ಟು ಏರಿದ್ದಕ್ಕೆ ಶೇ. 12.5 ಲಾಭ.

ಈ ಪ್ಲಾಟು ಮಗಳಿಗೆ ಅಂತ ಮೊದಲೇ ಇತ್ತು. ಅವಳಂದದ್ದು, "ಅಪ್ಪಾ, ನನಗ ಜಾಗ ತಗೊಂಡು ಏನ್ ಮಾಡ್ಲಿ, ರೊಕ್ಕ ಆದ್ರ ಬೇಕು." ನಾನೇ ಮಾರಿ ರೊಕ್ಕ ಕೊಡಬಹುದಿತ್ತು. ಅದರ ಬದಲು ಬಕ್ಷೀಸ ಪತ್ರ, ಅಂದರೆ ದಾನಪತ್ರ, ಮಾಡಿಕೊಟ್ಟೆ. ಮಕ್ಕಳಿಗೆ ಕೊಡುವ ಬಕ್ಷೀಸಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಿಗದಿಯಾದ ಸಣ್ಣ ಮೊತ್ತ, ಪಡೆದವರಿಗೆ ಆದಾಯ ತೆರಿಗೆಯೂ ಇಲ್ಲ. ನಾನು ಕೊಂಡ ಬೆಲೆ, ಕೊಂಡ ತಾರೀಖು ಎರಡೂ ಅವಳಿಗೆ ಬಂದವು. ಅವಳಿಗೆ ಬೇರೆ ಆದಾಯ ಇಲ್ಲ, ಆ ವರ್ಷದ ಮೊದಲ 3 ಲಕ್ಷದ ವಿನಾಯಿತಿ ಈ ಲಾಭಕ್ಕೇ ಹೊಂದಿಕೊಂಡಿತು. ತೆರಿಗೆ 2,55,000ಕ್ಕೆ ಇಳಿಯಿತು. ರೊಕ್ಕ ಅವಳ ಖಾತೆಯಲ್ಲೇ ಇದೆ, ಇರಲೇಬೇಕು. ತಿರುಗಿ ಅಪ್ಪನ ಖಾತೆಗೆ ಬಂದರೆ ಅದು ಬಕ್ಷೀಸ ಅನ್ನಿಸಿಕೊಳ್ಳುವುದಿಲ್ಲ.

ಮಳಿಗೆ ಮಾತ್ರ ನಾನಿರುವ ತನಕ ಯಾರಿಗೂ ಇಲ್ಲ. ಹೆಂಡತಿ ಹೆಸರಿಗೆ ಮಾಡಿದರೆ ತೆರಿಗೆ ಉಳಿಯುತ್ತದೆ ಅಂದುಕೊಂಡವರು ಬಹಳ. ಹೆಂಡತಿಗೆ ಕೊಡಲಿ, ಸೊಸೆಗೆ ಕೊಡಲಿ, ಬಾಡಿಗೆ ನಮ್ಮ ಆದಾಯಕ್ಕೇ ಬಂದು ಸೇರುತ್ತದೆ. ಹೇಗೂ ಬಾಡಿಗೆಯಲ್ಲಿ ಶೇ. 30 ದುರಸ್ತಿ ಲೆಕ್ಕಕ್ಕೆ ಕಳೆಯುತ್ತಾರೆ, ಅಷ್ಟು ಸಾಕು. ಮುಪ್ಪಿನಲ್ಲಿ ತಿಂಗಳಾ ತಿಂಗಳಾ ಬರುವ ರೊಕ್ಕ ಬಿಟ್ಟುಕೊಟ್ಟು ಮಕ್ಕಳ ಮುಂದೆ ಕೈಚಾಚುವುದು ನನಗಂತೂ ಒಪ್ಪಿಗೆಯಿಲ್ಲ. ಅವೆರಡನ್ನು ಮೃತ್ಯುಪತ್ರದಲ್ಲಿ (ಉಯಿಲಿನಲ್ಲಿ) ಬರೆದೆ. ಅದಕ್ಕೆ ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ನಾನು ಮಾಡಿಸಿದೆ. ಖರೀದಿ ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, ಪೂರ್ವಕ್ಕಿದ್ದ ಮಾಲಕ ತೀರಿಕೊಂಡು ಅಂಗಡಿ ಕೈ ಬದಲಾಗಿತ್ತು. ಹಳೇ ಹೆಸರು, ಈಗಿನ ಹೆಸರು, ಸಿಟಿಎಸ್ (ನಗರ ಸರ್ವೆ) ನಂಬರ್ ಮೂರನ್ನೂ ಹಾಕಿಸಿದೆ.

ಮನೆಯ ಮೇಲೆ ಮಾಳಿಗೆ ಎಬ್ಬಿಸಲು ಮಗನಿಗೆ ಬ್ಯಾಂಕ್ ಸಾಲ ಬೇಕಿತ್ತು, ಅದಕ್ಕೇ ಮನೆ ಈಗಲೇ ಕೊಟ್ಟೆ. ಬಕ್ಷೀಸ ಒಮ್ಮೆ ಕೊಟ್ಟರೆ ಮನಸ್ಸು ಬದಲಾಯಿತು ಅಂತ ವಾಪಸ್ ತಗೊಳ್ಳಲು ಬರುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಒಂದು ದಾರಿ ಇದೆ, ಪಾಲನೆಯ ಷರತ್ತಿನ ಮೇಲೆ ಕೊಟ್ಟಿದ್ದರೆ, ಅದು ನಡೆಯದಿದ್ದಾಗ ಪತ್ರ ರದ್ದು ಮಾಡಿಸಬಹುದು. ನಾವಿಬ್ಬರೂ ಇರುವವರೆಗೆ ಇಲ್ಲೇ ವಾಸ, ಊಟ, ಔಷಧ ಮಗನದು ಅಂತ ಸ್ಪಷ್ಟವಾಗಿ ಬರೆಸಿದೆ. "ಮಗನ ಮ್ಯಾಲ ನಂಬಿಕಿ ಇಲ್ಲೇನ್ರಿ ಕಾಕಾ?" ಅಂದ ಪತ್ರ ಬರೆಯುವ ಹುಡುಗ. ಮಗನೇ, "ಬರೀಪಾ, ಅದ್ರಾಗ ಏನೈತಿ" ಅಂದ.

ಹೊಲಕ್ಕೆ ಮೃತ್ಯುಪತ್ರ ಬರೆಯುವ ಗೋಜಿಗೇ ಹೋಗಲಿಲ್ಲ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಗಂಡುಮಕ್ಕಳಷ್ಟೇ ಹಕ್ಕು, ಆಗ ಅಪ್ಪ ಬದುಕಿರಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನನಗೆ ಇಬ್ಬರು ತಂಗಿಯರು. ನೋಂದಣಿಯಾದ ವಾಟ್ನಿ (ಪಾಲು ವಿಭಾಗ) ಮಾಡಿಕೊಂಡರೆ ಅದು ಮಾರಾಟವಲ್ಲ, ತೆರಿಗೆಯೂ ಬರುವುದಿಲ್ಲ. ಮುಂದೆ ಅವರು ಮಾರುವುದಾದರೆ ನಮ್ಮ ಪಾಲಿಕೆ ಗಡಿಯಿಂದ 6 ಕಿ.ಮೀ. ಒಳಗೋ ಹೊರಗೋ ನೋಡಬೇಕು. ಅಳತೆ ರಸ್ತೆ ಹಿಡಿದಲ್ಲ, ನೇರ ಗೆರೆಯಲ್ಲಿ. ಹೊರಗಿನ ಸಾಗುವಳಿ ಹೊಲಕ್ಕೆ ಈ ತೆರಿಗೆಯೇ ಇಲ್ಲ. ನಮ್ಮದು ಹೊರಗೇ ಬರುತ್ತದೆ. ಉತಾರದಲ್ಲಿ (ಪಹಣಿಯಲ್ಲಿ) ಅಪ್ಪನ ಹೆಸರು ತೆಗೆದು ವಾರಸಾ ಹಾಕಿಸಿಯಾಗಿದೆ. ಹೊಲ ಭಾಗ ಮಾಡಲು ಬೇಕಾದ ಸರ್ವೆಯವರ 11ಇ ನಕ್ಷೆಗೆ ಅರ್ಜಿ ಕೊಟ್ಟಿದ್ದೇನೆ, ಅದು ಬಂದ ಮೇಲೆ ತಂಗಿಯರನ್ನು ಕರೆಸಿ ಮೂವರ ಸಹಿ.