ಆರು ಮೆಗಾಹರ್ಟ್ಸ್ ಗೆರೆಗಾಗಿ ಹದಿನಾಲ್ಕು ತಿಂಗಳು

ಅಗ್ಗದ ಡಯೋಡ್ ಇಟ್ಟು ಲೇಸರನ್ನು ನಾನೇ ಕಟ್ಟುತ್ತೇನೆ, ರುಬಿಡಿಯಂ ಧಾತುವಿನ ಅತಿಸೂಕ್ಷ್ಮ ರಚನೆಯನ್ನು, ಅಂದರೆ ಒಂದೇ ಗೆರೆಯಂತೆ ಕಾಣುವುದರೊಳಗಿನ ಹತ್ತಿರದ ಗೆರೆಗಳನ್ನು, ಬಿಡಿಬಿಡಿಯಾಗಿ ತೋರಿಸುತ್ತೇನೆ ಎಂದಾಗ ವಿಭಾಗದಲ್ಲಿ ಯಾರೂ ನಂಬಲಿಲ್ಲ. "ಡಾಪ್ಲರ್ ಗುಡ್ಡ ಕಂಡರೆ ಅದೇ ಹೆಚ್ಚು" ಎಂದರು ಹಿರಿಯರೊಬ್ಬರು. ಆವಿಯ ಪರಮಾಣುಗಳು ಓಡಾಡುವುದರಿಂದ ಗೆರೆಗಳೆಲ್ಲ ಹರಡಿ ಒಂದಾಗಿ ಕಾಣುವ ಉಬ್ಬು ಅದು. ಕಳೆದ ತಿಂಗಳು ಅವರೇ ಆಸಿಲೋಸ್ಕೋಪ್ ಪರದೆಯ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು. ಸುಮಾರು 500 ಮೆಗಾಹರ್ಟ್ಸ್ ಅಗಲದ ಗುಡ್ಡದ ಮೇಲೆ ಆರು ಮುಳ್ಳುಗಳು: ಮೂರು ನಿಜವಾದ ರೇಖೆಗಳು, ಎರಡೆರಡು ರೇಖೆಗಳ ನಟ್ಟನಡುವೆ ಏಳುವ ಹುಸಿ ಮುಳ್ಳುಗಳಾದ ಮೂರು ಕ್ರಾಸ್‌ಓವರ್‌ಗಳು. ಬೆರಳಿಟ್ಟು ಎಣಿಸಬಹುದಾಗಿತ್ತು.

ಹಟಕ್ಕೆ ಮೊದಲ ಕಾರಣ ದುಡ್ಡು. ಸಿದ್ಧ ಲೇಸರ್ ತರಿಸಿದ್ದರೆ ಮೂರು ವರ್ಷದ ಅನುದಾನ ಅದಕ್ಕೇ ಮುಗಿಯುತ್ತಿತ್ತು. ನನ್ನದು ಅದರ ಹದಿನೈದನೇ ಒಂದು ಪಾಲಿನಲ್ಲಿ ಆಯಿತು, ಸುಟ್ಟ ಏಳು ಡಯೋಡ್‌ಗಳ ಲೆಕ್ಕವೂ ಸೇರಿ. 785 ನ್ಯಾನೊಮೀಟರಿನ ಡಯೋಡ್ ಅಗ್ಗವೆಂದು ಅದನ್ನೇ ಕೊಂಡೆ. ತಣ್ಣಗೆ ಮಾಡುತ್ತ ಹೋದರೆ ರುಬಿಡಿಯಂ ಹೀರುವ 780ಕ್ಕೆ ಇಳಿಯುತ್ತದೆ ಎಂಬ ಲೆಕ್ಕ ತಪ್ಪಲ್ಲ. ಡಿಗ್ರಿಗೆ ಕಾಲು ನ್ಯಾನೊಮೀಟರಿನಷ್ಟು ಸರಿಯುತ್ತದೆ. ಆದರೆ 5 ಡಿಗ್ರಿಗೆ ಇಳಿಸಿದ ರಾತ್ರಿ ಡಯೋಡ್ ಮೇಲೆ ಇಬ್ಬನಿ ಕೂತಿತು. ಹಾಗೆ ಎರಡು ಹೋದವು. ಈಗ 15ರ ಸುಮಾರಿಗೆ ನಿಲ್ಲಿಸಿ, ಉಳಿದದ್ದನ್ನು ಗ್ರೇಟಿಂಗಿನಿಂದ, ಅಂದರೆ ಒಂದೇ ಬಣ್ಣವನ್ನು ಆರಿಸಿ ಡಯೋಡಿಗೆ ಮರಳಿಸುವ ಗೆರೆಗೆರೆಯ ಕನ್ನಡಿಯಿಂದ, ಎಳೆಯುತ್ತೇನೆ. ಮಿಲಿಮೀಟರಿಗೆ 1800 ಗೆರೆಗಳ ಗ್ರೇಟಿಂಗ್ ಹಾಕಿದರೆ ಕೋನ 45 ಡಿಗ್ರಿಗೆ ಹತ್ತಿರ ಬರುತ್ತದೆ, ಬೆಳಕು ನೇರ ಪಕ್ಕಕ್ಕೆ ಹೊರಬೀಳುತ್ತದೆ.

ಇಷ್ಟಾದರೂ ಮುಳ್ಳುಗಳು 30 ಮೆಗಾಹರ್ಟ್ಸ್ ಅಗಲ. ಮೂರು ತಿಂಗಳು ಗ್ರೇಟಿಂಗನ್ನೇ ದೂರಿದೆ, ಅದನ್ನು ಸೂಕ್ಷ್ಮವಾಗಿ ಸರಿಸುವ ಪೀಜೋ ಹರಳನ್ನು ಬದಲಾಯಿಸಿದೆ, ಅಲ್ಯೂಮಿನಿಯಂ ತಳವನ್ನು ಮತ್ತೆ ಕೊರೆಸಿದೆ. ತಪ್ಪಿದ್ದದ್ದು ವಿದ್ಯುತ್ ಮೂಲದಲ್ಲಿ. ಬರಿಯ ಡಯೋಡ್‌ನಲ್ಲಿ ಒಂದು ಮೈಕ್ರೊಆಂಪಿಯರ್ ಅಲುಗಿದರೆ ಆವರ್ತನ 3 ಮೆಗಾಹರ್ಟ್ಸ್ ಅಲುಗುತ್ತದೆ. ಗ್ರೇಟಿಂಗ್ ಅದನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಒಂದು ಸಂಜೆ ಸಿಟ್ಟಿನಲ್ಲಿ ಎಲ್ಲವನ್ನೂ ಕಳಚಿ ಲೆಡ್-ಆಸಿಡ್ ಬ್ಯಾಟರಿಗೆ ಜೋಡಿಸಿದೆ. ಅಗಲ ಒಮ್ಮೆಲೇ ಅರ್ಧವಾಯಿತು.

ಅಲ್ಲಿಗೂ 15ರಲ್ಲೇ ನಿಂತಿತು. ಆವಿಯನ್ನು ಮೊದಲು ಕದಡುವ ಬಲವಾದ ಪಂಪ್ ಕಿರಣವನ್ನು (ಎದುರಿನಿಂದ ಹಾಯುವ ದುರ್ಬಲ ಪ್ರೋಬ್ ಕಿರಣ ಅಳೆಯುತ್ತದೆ) ಎಷ್ಟು ತಗ್ಗಿಸಿದರೂ ಇಳಿಯಲಿಲ್ಲ. ಕೊನೆಗೆ ಗೊತ್ತಾಯಿತು: ರುಬಿಡಿಯಂ ಆವಿಯ ಕೊಳವೆಗೆ ಒಂದು ಗೇಣು ದೂರದಲ್ಲಿದ್ದ, ಬೆಳಕು ಲೇಸರಿಗೆ ಮರಳದಂತೆ ತಡೆಯುವ ಐಸೊಲೇಟರಿನ ಅಯಸ್ಕಾಂತ ಸೀಮನ್ ಪರಿಣಾಮದಿಂದ ರೇಖೆಗಳನ್ನು ಸೀಳುತ್ತಿತ್ತು. ಅದನ್ನು ಮೇಜಿನ ಇನ್ನೊಂದು ತುದಿಗೆ ಸರಿಸಿದೆ, 9ಕ್ಕೆ ಬಂತು. ಪರಮಾಣುವಿನದೇ ಸಹಜ ಅಗಲ 6. ಇದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ. ಅಳತೆಗೋಲಿಗೆ ರುಬಿಡಿಯಂ-87 ಐಸೋಟೋಪಿನಲ್ಲಿ ಮೇಲಿನ 3 ಮತ್ತು 2ನೇ ಶಕ್ತಿಮಟ್ಟಗಳ ನಡುವಿನ 267 ಮೆಗಾಹರ್ಟ್ಸ್ ಸಾಕು.

ಪಿಎಚ್.ಡಿ. ಕಾಲದಲ್ಲಿ ಫೋಟೋ ಪ್ಲೇಟಿನ ಮೇಲೆ ಅಣುಗಳ ರೋಹಿತಪಟ್ಟಿಗಳನ್ನು ವರ್ಷಗಟ್ಟಲೆ ಅಳೆದವನು ನಾನು. 1861ರಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ಕಡುಗೆಂಪು ಗೆರೆ ಕಂಡು ಈ ಧಾತುವಿಗೆ ಹೆಸರಿಟ್ಟರು. ಅವರ ಪಟ್ಟಕದಲ್ಲಿ ಒಂದೇ ಗೆರೆಯಾಗಿದ್ದುದರೊಳಗೆ ಇಷ್ಟೆಲ್ಲ ಅಡಗಿದ್ದನ್ನು ನೋಡುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ.

ನಡುವೆ ಪೊಟ್ಯಾಸಿಯಂ ಕಡೆಗೂ ಹೋಗಿಬಂದೆ. ಬೇರೆ ಡಯೋಡ್, 767 ನ್ಯಾನೊಮೀಟರ್, ಕೊಳವೆಯನ್ನು 50 ಡಿಗ್ರಿಯಷ್ಟು ಬಿಸಿ ಮಾಡಬೇಕು. ಅಲ್ಲಿ ನಡುವಿನ ಮುಳ್ಳು ತಲೆಕೆಳಗಾಗಿ ಬಂತು. ಡಿಟೆಕ್ಟರ್ ತಂತಿ ಅದಲುಬದಲಾಗಿದೆ ಎಂದುಕೊಂಡು ಎರಡು ವಾರ ಕಳೆದೆ. ತಂತಿ ಸರಿಯಾಗಿಯೇ ಇತ್ತು. ಕೆಳಗಿನ ಎರಡು ಮಟ್ಟಗಳ ಅಂತರ ಬರೀ 462 ಮೆಗಾಹರ್ಟ್ಸ್, ಎರಡೂ ಒಂದೇ ಡಾಪ್ಲರ್ ಗುಡ್ಡದೊಳಗೆ. ಪಂಪ್ ಕಿರಣವು ಒಂದು ಮಟ್ಟದಿಂದ ಖಾಲಿ ಮಾಡಿದ ಪರಮಾಣುಗಳು ಇನ್ನೊಂದರಲ್ಲಿ ತುಂಬಿಕೊಂಡು, ಪ್ರೋಬ್ ಕಿರಣವನ್ನು ಹೆಚ್ಚು ಹೀರುತ್ತವೆ. ಈಗ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇದನ್ನೇ.

ಗ್ರೇಟಿಂಗನ್ನು ಅಂಟಿಸಿದ ಮೇಲೆ ಬಿಗಿತ ಬಿಡಿಸುವ ನನ್ನ ಕ್ರಮವನ್ನು ಇಲ್ಲಿ ಹೇಳುವುದಿಲ್ಲ. ನನ್ನ ವಿದ್ಯಾರ್ಥಿನಿಯ ಪ್ರಬಂಧ ಅಚ್ಚಾಗಲಿ. ಪೀಜೋ ಜೊತೆಗೆ ಡಯೋಡಿನ ವಿದ್ಯುತ್ತನ್ನೂ ಓಡಿಸಿದರೆ ಮೋಡ್ ಜಿಗಿತವಿಲ್ಲದೆ, ಅಂದರೆ ಆವರ್ತನ ತಟ್ಟನೆ ಹಾರದೆ, 6 ಗಿಗಾಹರ್ಟ್ಸ್ ಓಟ ಸಿಗುತ್ತದೆ. ಅನುಪಾತವನ್ನು ಅವರವರೇ ಹುಡುಕಿಕೊಳ್ಳಬೇಕು.

ಸದ್ಯ ಲೇಸರ್ 2–3ರ ಕ್ರಾಸ್‌ಓವರ್ ಮೇಲೆ ಲಾಕ್ ಆಗಿ, ಅಂದರೆ ಅದೇ ಆವರ್ತನಕ್ಕೆ ಕಟ್ಟಿಹಾಕಿದಂತೆ, ನಿಲ್ಲುತ್ತದೆ. ಇದುವರೆಗಿನ ದಾಖಲೆ ಹನ್ನೊಂದು ಗಂಟೆ. ಯಾರೋ ಬಾಗಿಲು ಜೋರಾಗಿ ಹಾಕಿದಾಗ ಕಳಚಿತು. ನಿನ್ನೆ ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಹಾಸಿದ್ದೇನೆ. ಬೆಳಗ್ಗೆ ಬಂದು ನೋಡಿದಾಗ ಮುಳ್ಳು ಅಲ್ಲಿಯೇ ಇತ್ತು.